ಕೊನೆಯ ನಲ್ಲಿಯಿಂದ ಹಿಂದಕ್ಕೆ

ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಕಲ್ಯಾಣಾಧಿಕಾರಿಯಾಗಿ ಸೇರಿದಾಗ ನನಗೆ ಒಪ್ಪಿಸಿದ ಕಡತಗಳಲ್ಲಿ ಕುಡಿಯುವ ನೀರಿನದು ಎಲ್ಲಕ್ಕಿಂತ ತೆಳ್ಳಗಿತ್ತು. ಒಳಗಿದ್ದದ್ದು ಪ್ರಯೋಗಾಲಯದ ವರದಿಗಳು ಮಾತ್ರ. ಪ್ರತಿಯೊಂದರಲ್ಲೂ ‘ಕುಡಿಯಲು ಯೋಗ್ಯ’ ಎಂದು ಬರೆದಿತ್ತು. ಮಾದರಿ ತೆಗೆದ ಜಾಗ ಯಾವುದೆಂದು ನೋಡಿದೆ. ಎಲ್ಲವೂ ನೀರನ್ನು ಶುದ್ಧೀಕರಿಸುವ ಆರ್‌ಓ ಘಟಕದ ಬಾಯಿಯಲ್ಲೇ ಹಿಡಿದ ನೀರು! ಹೊಲಿಗೆ ವಿಭಾಗದ ಹೆಣ್ಣುಮಕ್ಕಳು ಕುಡಿಯುತ್ತಿದ್ದದ್ದು ಅಲ್ಲಿಂದ ಹೊರಟು, ಸ್ಟೀಲ್ ಟ್ಯಾಂಕಿನಲ್ಲಿ ನಿಂತು, ಉದ್ದದ ಕೊಳವೆ ಹಾಯ್ದು, ಕೂಲರ್ ಹೊಕ್ಕು ನಲ್ಲಿಗೆ ಬರುವ ನೀರನ್ನು. ಆದ್ದರಿಂದ ಕೊನೆಯ ನಲ್ಲಿಯಿಂದ ಹಿಂದಕ್ಕೆ ನಡೆಯುತ್ತಾ ಹೋಗುವುದೆಂದು ನಿರ್ಧರಿಸಿದೆ.

ಆಗ ನಮಗೆ ಅನ್ವಯಿಸುತ್ತಿದ್ದದ್ದು 1948ರ ಕಾರ್ಖಾನೆಗಳ ಕಾಯ್ದೆ. ಅದರ 18ನೇ ಸೆಕ್ಷನ್ ಚಿಕ್ಕದು, ಆದರೆ ಗಟ್ಟಿ. ಕುಡಿಯುವ ನೀರಿನ ಜಾಗ ಎಲ್ಲ ಕಾರ್ಮಿಕರಿಗೂ ಅನುಕೂಲವಾದ ಕಡೆ ಇರಬೇಕು, ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ‘ಕುಡಿಯುವ ನೀರು’ ಎಂದು ಬರೆದಿರಬೇಕು, ಶೌಚಾಲಯ, ಕೈತೊಳೆಯುವ ಜಾಗ, ಉಗುಳುವ ಪಾತ್ರೆ, ತೆರೆದ ಚರಂಡಿ ಇವುಗಳಿಂದ ಆರು ಮೀಟರಿನೊಳಗೆ ಇರಕೂಡದು. ಇನ್ನೂರೈವತ್ತಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ವ್ಯವಸ್ಥೆಯೂ ಕಡ್ಡಾಯವಾಗಿತ್ತು. ಅಳತೆಪಟ್ಟಿ ಹಿಡಿದು ಹೋದಾಗ ಒಂದು ಕೂಲರ್ ಕೈತೊಳೆಯುವ ತೊಟ್ಟಿಯ ಪಕ್ಕದಲ್ಲೇ ಇದ್ದದ್ದು ಕಂಡಿತು. ಕೊಳವೆ ಹತ್ತಿರ ಸಿಗುತ್ತದೆಂದು ಪ್ಲಂಬರ್ ಅಲ್ಲಿ ಕೂರಿಸಿದ್ದರು. ಅದನ್ನು ಸ್ಥಳಾಂತರಿಸಿದೆವು. ಫಲಕ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡದ ಜೊತೆಗೆ ಹಿಂದಿ, ಒಡಿಯಾ ಎರಡನ್ನೂ ಸೇರಿಸಿದೆ. ಕಾಯ್ದೆ ಬಹುಪಾಲು ಜನರ ಭಾಷೆಯನ್ನಷ್ಟೇ ಕೇಳುತ್ತಿತ್ತು. ಆದರೆ ಹೊಸದಾಗಿ ಬಂದ ಹುಡುಗಿಗೆ ಯಾವ ನಲ್ಲಿಯ ನೀರು ಕುಡಿಯಬೇಕೆಂಬುದು ಮೊದಲ ದಿನವೇ ತಿಳಿಯಬೇಕಲ್ಲವೇ?

ಕೊನೆಯ ನಲ್ಲಿಯ ನೀರಿಗೆ ಡಿಪಿಡಿ ಮಾತ್ರೆ ಹಾಕಿ ನೋಡಿದೆ. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿದರೆ ಪ್ರಮಾಣ ಸಿಗುತ್ತದೆ. ನಮ್ಮ ನೀರು ತಿಳಿಯಾಗಿಯೇ ಉಳಿಯಿತು. ಕಾರಣ ಸರಳವಾದದ್ದು. ಕ್ಲೋರಿನ್ ಆರ್‌ಓ ಪೊರೆಯನ್ನು ಹಾಳುಮಾಡುತ್ತದೆಂದು ಅದಕ್ಕೂ ಮೊದಲೇ ಇಂಗಾಲದ ಶೋಧಕ ಅದನ್ನು ಹೀರಿಬಿಡುತ್ತದೆ. ಘಟಕದಿಂದ ಹೊರಬರುವ ನೀರು ಶುದ್ಧವೇ, ಆದರೆ ಅದಕ್ಕೆ ಕಾವಲಿಲ್ಲ. ಟ್ಯಾಂಕಿನ ಮುಚ್ಚಳ ಸರಿಯಿಲ್ಲದಿದ್ದರೆ, ಕೂಲರಿನ ಒಳಗೆ ಲೋಳೆ ಕಟ್ಟಿದ್ದರೆ, ಅಲ್ಲಿ ಸೇರಿದ ಸೂಕ್ಷ್ಮಜೀವಿಯನ್ನು ತಡೆಯುವುದು ಏನೂ ಇರುವುದಿಲ್ಲ. ‘ಆರ್‌ಓ ಇದೆ, ಇನ್ನೇನು?’ ಎನ್ನುವವರಿಗೆ ನಾನು ಈ ಮಾತನ್ನು ಇಂದಿಗೂ ಬಿಡಿಸಿ ಹೇಳುತ್ತೇನೆ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ, ಕ್ಲೋರಿನ್ ಹಾಕಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಸೇರುವ ಇ ಕೋಲೈ ಬ್ಯಾಕ್ಟೀರಿಯಾ ಒಂದೂ ಪತ್ತೆಯಾಗಕೂಡದು. ಸಂಗ್ರಹ ಟ್ಯಾಂಕಿಗೆ ಕ್ಲೋರಿನ್ನನ್ನು ಅಳೆದು ಬೆರೆಸುವ ಸಣ್ಣ ಡೋಸಿಂಗ್ ಪಂಪು ಜೋಡಿಸಿ, ಕೊನೆಯ ನಲ್ಲಿಯಲ್ಲಿ ಈ ಪ್ರಮಾಣ ಸಿಗುವವರೆಗೆ ಹೊಂದಿಸಿದೆವು. ವಾಸನೆಯ ದೂರು ಬಂತು. ಪ್ರಮಾಣವನ್ನು ತಗ್ಗಿಸಿ ನಿಖರಗೊಳಿಸಿದೆವು. ಆ ವಾಸನೆ ಏಕೆ ಬೇಕು ಎಂಬುದನ್ನು ಹೊಲಿಗೆ ಯಂತ್ರಗಳ ಸಾಲಿನ, ಅಂದರೆ ಲೈನಿನ, ಮುಂದೆ ನಿಂತು, ಮಾತ್ರೆ ಹಾಕಿ ಬಣ್ಣ ತೋರಿಸಿ ವಿವರಿಸಿದೆ.

ಅಲ್ಲಿಂದ ಹಿಂದಕ್ಕೆ ಸಂಪಿನವರೆಗೆ ಹೋದೆ. ಸಂಪನ್ನು ತೊಳೆದ ಮೇಲೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬರುವಂತೆ ನೀರು ತುಂಬಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಪೂರ್ತಿ ಹೊರಹಾಕುತ್ತೇವೆ. ಶೇಕಡಾ 25ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ ಸಾವಿರ ಲೀಟರಿಗೆ 200 ಗ್ರಾಂ. ಹಳೆಯದಾದ, ತೇವ ಹಿಡಿದ ಪುಡಿಯಲ್ಲಿ ಅಷ್ಟು ಸತ್ವ ಇರುವುದಿಲ್ಲ, ಹಾಗಾಗಿ ಸಣ್ಣ ಪೊಟ್ಟಣಗಳನ್ನೇ ತರಿಸುತ್ತೇವೆ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯನ್ನು ಮಾತ್ರ ಸುರಿಯುವುದು. ಆ ಹೊತ್ತಿಗೆ ಸಂಪಿನೊಳಗೆ ಯಾರೂ ಇರಕೂಡದು. ತೊಳೆಯಲು ಇಳಿಯುವವರ ಬಗ್ಗೆ ನಾನು ಎಳ್ಳಷ್ಟೂ ರಿಯಾಯಿತಿ ಕೊಡುವುದಿಲ್ಲ. ಗಾಳಿ ಪರೀಕ್ಷಿಸದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಕಾವಲಿಗೆ ಒಬ್ಬರು ನಿಲ್ಲದೆ ಇಳಿಯುವಂತಿಲ್ಲ. ಶೌಚಾಲಯ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇರಿಸಿದ್ದೇವೆ. ಎರಡೂ ಬೆರೆತರೆ ಹೊರಡುವುದು ವಿಷಕಾರಿ ಕ್ಲೋರಿನ್ ಅನಿಲ.

ಪ್ರಯೋಗಾಲಯಕ್ಕೆ ಮಾದರಿ ಕಳಿಸುವ ಕ್ರಮವನ್ನೂ ಬದಲಿಸಿದೆ. ಮಿನರಲ್ ವಾಟರಿನ ಖಾಲಿ ಬಾಟಲಿಯಲ್ಲಿ ಸೂಕ್ಷ್ಮಜೀವಿ ಪರೀಕ್ಷೆಗೆ ನೀರು ಹಿಡಿಯುವುದು ವ್ಯರ್ಥ. ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು. ಅದರಲ್ಲಿ ಕ್ಲೋರಿನ್ನನ್ನು ತಟಸ್ಥಗೊಳಿಸುವ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲವಾದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು, ವರದಿ ಇರುವುದಕ್ಕಿಂತ ಚೆನ್ನಾಗಿ ಬರುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸುತ್ತೇವೆ.

ಇಷ್ಟೆಲ್ಲ ಆದ ಮೇಲೂ ಹೊಲಿಗೆ ವಿಭಾಗದಲ್ಲಿ ನೀರು ಕುಡಿಯುವವರು ಕಡಿಮೆಯೇ ಇದ್ದರು. ಉರಿಮೂತ್ರವೆಂದು ನಮ್ಮ ಚಿಕಿತ್ಸಾ ಕೊಠಡಿಗೆ ಬರುವವರು ಮಾತ್ರ ಕಡಿಮೆಯಾಗಲಿಲ್ಲ. ಹಿರಿಯ ಟೈಲರ್ ಒಬ್ಬರು ನೇರವಾಗಿ ಹೇಳಿದರು: “ಮೇಡಂ, ನೀರು ಕುಡಿದರೆ ಟಾಯ್ಲೆಟ್ಟಿಗೆ ಹೋಗಬೇಕು. ಹೋಗಬೇಕೆಂದರೆ ಟೋಕನ್ ಕೇಳಬೇಕು. ಅಲ್ಲಿ ಹೋದರೆ ಬಾಗಿಲಿಗೆ ಚಿಲಕವಿಲ್ಲ. ಬಾಯಾರಿಕೆ ತಡೆದುಕೊಳ್ಳುವುದೇ ವಾಸಿ.”

ಕಾಯ್ದೆಯಲ್ಲಿ ನೀರು 18ನೇ ಸೆಕ್ಷನ್, ಶೌಚಾಲಯ 19ನೆಯದು. ನಮ್ಮಲ್ಲಿ ಇವೆರಡಕ್ಕೂ ಬೇರೆ ಬೇರೆ ಕಡತ, ಬೇರೆ ಬೇರೆ ಗುತ್ತಿಗೆದಾರರು. ಆದರೆ ದುಡಿಯುವ ಹೆಣ್ಣುಮಗಳಿಗೆ ಇವೆರಡೂ ಒಂದೇ ವಿಷಯ. 19ನೇ ಸೆಕ್ಷನ್ ಕೇಳುತ್ತಿದ್ದ ಪ್ರತ್ಯೇಕ ಶೌಚಾಲಯ, ಬೆಳಕು, ಗಾಳಿ, ಗೋಡೆಗೆ 90 ಸೆಂಟಿಮೀಟರ್ ಎತ್ತರದ ಟೈಲ್ಸ್ ಎಲ್ಲವೂ ನಮ್ಮಲ್ಲಿದ್ದವು. ಚಿಲಕ, ಒಳಗೊಂದು ಮೊಳೆ, ಮುಚ್ಚಳವಿರುವ ಕಸದ ಬುಟ್ಟಿ, ಸಂಜೆಯ ಹೊತ್ತಿಗೂ ಬರುವ ನೀರು ಇವು ಇರಲಿಲ್ಲ. ಕಾಯ್ದೆ ಏಳು ದಿನಕ್ಕೊಮ್ಮೆಯಾದರೂ ಸೋಂಕುನಾಶಕ ಹಾಕಿ ತೊಳೆಯಿರಿ ಎನ್ನುತ್ತಿತ್ತು. ನೂರಾರು ಜನ ಬಳಸುವ ಕಡೆ ಅದು ಏನೇನೂ ಸಾಲದು. ಪ್ರತಿ ಪಾಳಿಯಲ್ಲಿ ಹಲವು ಸಲ ತೊಳೆಯುವಂತೆ ಗುತ್ತಿಗೆಯನ್ನೇ ತಿದ್ದಿ ಬರೆಸಿದೆ. ತೊಳೆಯುವವರಿಗೆ ಕೈಗವಸು, ಬೂಟು, ಸ್ನಾನಕ್ಕೊಂದು ಜಾಗ ಅದೇ ಗುತ್ತಿಗೆಯ ಷರತ್ತುಗಳಾದವು.

ಶೌಚಾಲಯಕ್ಕೆ ಹೋಗಲು ಟೋಕನ್ ಕೇಳುವ ಪದ್ಧತಿಯನ್ನು ನಿಲ್ಲಿಸುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಉತ್ಪಾದನೆ ಕುಸಿಯುತ್ತದೆ ಎಂಬುದು ಲೈನ್ ಸೂಪರ್‌ವೈಸರುಗಳ ವಾದ. ಅವರ ಮೇಲೂ ಟಾರ್ಗೆಟ್ಟಿನ ಒತ್ತಡವಿತ್ತು, ಹಾಗಾಗಿ ಬರೀ ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸವಾಗಿರಲಿಲ್ಲ. ಒಬ್ಬರು ಎದ್ದು ಹೋದಾಗ ಆ ಮೆಷಿನ್ನಿಗೆ ಕೂರಲು ಫ್ಲೋಟರುಗಳನ್ನು ಹೆಚ್ಚಿಸಿ ಎಂದು ಆಡಳಿತದವರನ್ನು ಕೇಳಿದೆ. ಮೊದಲು ಕೆಲವು ಲೈನುಗಳಲ್ಲಿ ಮಾತ್ರ ಒಪ್ಪಿದರು. ಅಲ್ಲಿ ಉತ್ಪಾದನೆ ಬೀಳಲಿಲ್ಲವೆಂದು ಖಚಿತವಾದ ಮೇಲೆ ಉಳಿದ ಕಡೆಗೂ ವಿಸ್ತರಿಸಿದರು.

ಕುಡಿಯುವ ನೀರಿನ ಕೊಳವೆಗೆ ಆರಂಭದಲ್ಲೇ ಮೀಟರ್ ಹಾಕಿಸಿದ್ದೆ. ಕ್ಲೋರಿನ್ ಸರಿಪಡಿಸಿದಾಗ ಅದರ ಓದು ಹೆಚ್ಚೇನೂ ಬದಲಾಗಿರಲಿಲ್ಲ. ಚಿಲಕ ಬಂದು ಟೋಕನ್ ಹೋದ ಮೇಲೆ ನೀರಿನ ಬಳಕೆ ಎದ್ದು ಕಾಣುವಂತೆ ಏರಿತು. ಈಗ 1948ರ ಕಾಯ್ದೆಯ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ 2020ರ ಸಂಹಿತೆ ಬಂದಿದೆ. ಪುರುಷರು, ಮಹಿಳೆಯರು, ಲಿಂಗತ್ವ ಅಲ್ಪಸಂಖ್ಯಾತರು ಮೂವರಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದು ಅದು ಹೇಳುತ್ತದೆ. ಅದಕ್ಕಾಗಿ ಜಾಗ ಗುರುತಿಸುವ ಕೆಲಸ ನಡೆದಿದೆ. ನಾನು ಇಟ್ಟಿರುವ ದಾಖಲೆ ಪುಸ್ತಕ ಮಾತ್ರ ಒಂದೇ. ಕೊನೆಯ ನಲ್ಲಿಯ ಕ್ಲೋರಿನ್, ಮೀಟರಿನ ಓದು, ಕೆಟ್ಟ ಚಿಲಕ, ಬಾರದ ನೀರು ಎಲ್ಲವೂ ಒಂದೇ ಪುಟದಲ್ಲಿ ದಾಖಲಾಗುತ್ತವೆ. ಅದನ್ನು ಬರೆಯುವವರು ಲೈನಿನ ಹೆಣ್ಣುಮಕ್ಕಳು, ಸರದಿಯ ಪ್ರಕಾರ, ಪಾಳಿಯ ಸಮಯದಲ್ಲೇ.