ವೈಫೈಯಲ್ಲಿ ಫೈಲ್ ನಕಲು ನಿಧಾನವಾಗಿದ್ದಾಗ: ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನಿಂದ ಇನ್ನೊಂದು ಕೋಣೆಯ ಕಂಪ್ಯೂಟರಿಗೆ ಕಾಫಿ ತೋಟದ ವಿಡಿಯೊಗಳನ್ನು ವೈಫೈ ಮೂಲಕ ಕಳುಹಿಸುವಾಗ ವೇಗವು ಸೆಕೆಂಡಿಗೆ ಒಂದು ಮೆಗಾಬೈಟಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಇಂಟರ್ನೆಟ್ ಪ್ಲ್ಯಾನ್ ಬದಲಿಸಿರೆಂದು ಹಲವರು ಹೇಳಿದರೂ, ಮನೆಯೊಳಗಿನ ನಕಲಿಗೂ ಹೊರಗಿನ ಸಂಪರ್ಕಕ್ಕೂ ಸಂಬಂಧವೇ ಇಲ್ಲವಾದ್ದರಿಂದ ಆ ಸಲಹೆಯನ್ನು ಬದಿಗಿಟ್ಟೆ.

ಸಿಗ್ನಲ್ ಕಡ್ಡಿಗಳೆಲ್ಲ ತುಂಬಿದ್ದರೂ ವೈಫೈ ಸ್ಟೇಟಸ್‌ನಲ್ಲಿ ಸಂಪರ್ಕದ ವೇಗ ಸರಿಯಾಗಿ 54 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಎಂದು ತೋರಿಸುತ್ತಿದ್ದುದೇ ಮುಖ್ಯ ಸುಳಿವು. ರೌಟರ್ 802.11ಎನ್ ಎಂಬ, 54ಕ್ಕಿಂತ ಹೆಚ್ಚು ವೇಗ ಕೊಡಬಲ್ಲ ವೈಫೈ ಮಾದರಿಯದು; ಆದರೆ ಅದರ ಭದ್ರತೆಯ ಸೆಟ್ಟಿಂಗ್ ಟಿಕೆಐಪಿ ಎಂಬ ಹಳೆಯ ಗೂಢಲಿಪೀಕರಣ ವಿಧಾನದಲ್ಲಿತ್ತು, ಮತ್ತು ಟಿಕೆಐಪಿ ಬಳಸಿದಾಗ ಎನ್ ಮಾದರಿಯ ಹೆಚ್ಚಿನ ವೇಗಗಳು ದೊರೆಯುವುದಿಲ್ಲ. ಅದನ್ನು ಅದಕ್ಕಿಂತ ಹೊಸ ಭದ್ರತಾ ವಿಧಾನವಾದ ಡಬ್ಲ್ಯೂಪಿಎ2, ಎಇಎಸ್ ಎಂದು ಬದಲಿಸಿ ರೌಟರನ್ನು ಮರುಚಾಲನೆ ಮಾಡಿದೊಡನೆ ಅದೇ ಜಾಗದಲ್ಲಿ 144 ಎಂಬಿಪಿಎಸ್ ಕಾಣಿಸಿತು.

ಆದರೂ ನಕಲಿನ ವೇಗ ನಿರೀಕ್ಷೆಯಷ್ಟು ಏರಲಿಲ್ಲ. ಎರಡೂ ಯಂತ್ರಗಳು ವೈಫೈಯಲ್ಲೇ ಇದ್ದರೆ ಪ್ರತಿಯೊಂದು ಪ್ಯಾಕೆಟ್ಟೂ (ಮಾಹಿತಿಯ ತುಣುಕೂ) ಮೊದಲು ರೌಟರಿಗೆ, ಅಲ್ಲಿಂದ ಅದೇ ಚಾನೆಲ್ಲಿನಲ್ಲಿ ಇನ್ನೊಂದು ಯಂತ್ರಕ್ಕೆ, ಹೀಗೆ ಎರಡು ಬಾರಿ ಗಾಳಿಯಲ್ಲಿ ಸಾಗಬೇಕಾಗುವುದರಿಂದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆದ ಮೇಲೆ ಸೆಕೆಂಡಿಗೆ ಎಂಟು ಮೆಗಾಬೈಟಿನಷ್ಟು ಸಿಗುತ್ತಿದೆ. ಈ ರೌಟರಿನ 100 ಎಂಬಿಪಿಎಸ್ ಪೋರ್ಟಿನಿಂದ ಸೆಕೆಂಡಿಗೆ ಹನ್ನೊಂದು ಚಿಲ್ಲರೆ ಮೆಗಾಬೈಟಿಗಿಂತ ಹೆಚ್ಚು ಹೇಗೂ ಬಾರದು.