ಔಟ್‌ಬ್ಯಾಕ್‌ಗೆ ಒಲೆ: ಮೊದಲು ಗ್ಯಾಸ್ ನೋಡಿ, ಆಮೇಲೆ ಒಲೆ

ಜುಲೈ ರಜೆ ಬಂತೆಂದರೆ ಅಡಿಲೇಡ್‌ನ ನಮ್ಮ ಕನ್ನಡ ಬಳಗದಲ್ಲಿ ಯಾರಾದರೂ ಒಬ್ಬರು ಕಾರಿನಲ್ಲಿ ಔಟ್‌ಬ್ಯಾಕ್‌ಗೆ, ಅಂದರೆ ಆಸ್ಟ್ರೇಲಿಯಾದ ಒಳನಾಡಿನ ಮರುಭೂಮಿಗೆ, ಉಲುರು ಬಂಡೆಯ ಕಡೆ ಹೊರಡುತ್ತಾರೆ. ಹೊರಡುವ ಹಿಂದಿನ ಸಂಜೆ ಅಂಗಡಿಗೆ ಓಡಿ, ಕೈಗೆ ಸಿಕ್ಕಿದ ಒಲೆ ತರುತ್ತಾರೆ. ಮೂರನೇ ಬೆಳಿಗ್ಗೆ ಕಾಫಿ ಇಲ್ಲದೆ ಮುಖ ಊದಿಸಿಕೊಂಡು ಕೂತಿರುತ್ತಾರೆ. ನಾನೂ ಹಾಗೆ ಕೂತವನೇ.

1. ಎಷ್ಟು ಜನ, ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಅಡುಗೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಐದು ನಿಮಿಷದ ಕೆಲಸ.

2. ಗ್ಯಾಸ್ ಆರಿಸಿ. ಎಲ್ಲರೂ ಎಡವುವುದು ಇಲ್ಲೇ.

ಚಪ್ಪಟೆ ಪೆಟ್ಟಿಗೆಯಂಥ ಅಗ್ಗದ ಒಲೆ, ಅದರ ಪಕ್ಕಕ್ಕೆ ಸಿಕ್ಕಿಸುವ 220 ಗ್ರಾಂ ಡಬ್ಬಿ ನೋಡಿದ್ದೀರಲ್ಲ, ಅದರಲ್ಲಿರುವುದು ಬ್ಯೂಟೇನ್. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅದು ಗ್ಯಾಸ್ ಆಗುವುದೇ ಇಲ್ಲ, ಡಬ್ಬಿಯೊಳಗೆ ನೀರಿನಂತೆ ಕೂತುಬಿಡುತ್ತದೆ. ಮರುಭೂಮಿ ಎಂದರೆ ಸೆಕೆ ಅಂದುಕೊಳ್ಳುತ್ತೇವೆ, ಅಲ್ವಾ? ಆ ಮರುಭೂಮಿಯ ನಡುವಿನ ಆಲಿಸ್ ಸ್ಪ್ರಿಂಗ್ಸ್ ಊರಿನಲ್ಲಿ ಚಳಿಗಾಲದ ಜುಲೈ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವುದುಂಟು. ಸಾಲದ್ದಕ್ಕೆ, ಉರಿಯುತ್ತಾ ಹೋದಂತೆ ಡಬ್ಬಿ ಇನ್ನೂ ತಣ್ಣಗಾಗುತ್ತದೆ. ದಾರಿಯಲ್ಲಿ ಸಿಗುವ ಕೂಬರ್ ಪೀಡಿ ಊರಿನಲ್ಲಿ ಒಂದು ಬೆಳಿಗ್ಗೆ ನಮ್ಮ ಡಬ್ಬಿ ಅಲ್ಲಾಡಿಸಿದರೆ ಒಳಗೆ ಕುಲುಕುವ ಸದ್ದು, ಉರಿ ಮಾತ್ರ ಊದುಬತ್ತಿಯಷ್ಟು. ಕೊನೆಗೆ ಡಬ್ಬಿ ತೆಗೆದು ಜಾಕೆಟ್ ಒಳಗೆ ಇಟ್ಟುಕೊಂಡು ಕಾಲು ಗಂಟೆ ಓಡಾಡಿದೆ. ಆಮೇಲೆ ಕಾಫಿ ಆಯಿತು.

ಇಂಥ ಹೊತ್ತಿನಲ್ಲಿ ಜನ ಮಾಡುವ ಅಡ್ಡದಾರಿಗಳೇ ಅಪಾಯ. ಗಾಳಿಗೆ ಅಡ್ಡ ಅಂತ ಒಲೆಯ ಸುತ್ತ ಅಲ್ಯೂಮಿನಿಯಂ ಫಾಯಿಲ್ ಕಟ್ಟುತ್ತಾರೆ. ಡಬ್ಬಿಯ ಮೇಲೆ ಚಾಚುವಷ್ಟು ದೊಡ್ಡ ದೋಸೆ ಹೆಂಚು ಇಡುತ್ತಾರೆ. ಬಿಸಿ ತಿರುಗಿ ಡಬ್ಬಿಗೇ ಬಡಿಯುತ್ತದೆ, ಡಬ್ಬಿ ಸಿಡಿಯಬಹುದು. ಡಬ್ಬಿ ಕಾದರೆ ತಾನೇ ಗ್ಯಾಸ್ ನಿಲ್ಲಿಸಬೇಕಾದ ವ್ಯವಸ್ಥೆ ಸರಿಯಿಲ್ಲ ಎಂದು 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಈ ಜಾತಿಯ ಒಲೆಗಳ ಮಾರಾಟ ನಿಲ್ಲಿಸಿದ್ದರು. ಈಗ ತಿದ್ದಿದ ಮಾದರಿಗಳು ಬಂದಿವೆ. ಗ್ಯಾರೇಜ್ ಸೇಲ್‌ನಲ್ಲಿ ಹತ್ತು ಡಾಲರ್‌ಗೆ ಹಳೆಯದು ಸಿಕ್ಕಿತು ಅಂತ ಮಾತ್ರ ತರಬೇಡಿ.

ನನ್ನ ಮಾತು ಕೇಳುವುದಾದರೆ ಪ್ರೊಪೇನ್ ತುಂಬಿದ ನಾಲ್ಕು ಕಿಲೋ ಸಿಲಿಂಡರ್ ತೆಗೆದುಕೊಳ್ಳಿ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಗ್ಯಾಸ್ ಆಗುತ್ತದೆ, ಔಟ್‌ಬ್ಯಾಕ್ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸಿಲಿಂಡರ್ ಮೇಲೆ ಒತ್ತಿರುವ ತಾರೀಕು ನೋಡಿ, ಹತ್ತು ವರ್ಷ ದಾಟಿದ್ದರೆ ಮರುಪರೀಕ್ಷೆ ಆಗದೆ ತುಂಬಿಸಿಕೊಡುವುದಿಲ್ಲ. ಸಿಲಿಂಡರ್‌ಗಳ ಬಾಯಿ ಬೇರೆ ಬೇರೆ ಥರ ಇರುತ್ತದೆ. ಒಲೆಗೆ ಗ್ಯಾಸ್ ಒಯ್ಯುವ ಹೋಸ್ ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಂಗಡಿಯಲ್ಲೇ ಕೂರಿಸಿ ನೋಡಿ. ದಾರಿಯಲ್ಲಿ ಬದಲಿಸಿಕೊಳ್ಳೋಣ ಅನ್ನಬೇಡಿ, ಗ್ಲೆಂಡಾಂಬೊ ಎಂಬ ಪುಟ್ಟ ಊರು ಬಿಟ್ಟರೆ ಕೂಬರ್ ಪೀಡಿವರೆಗೆ 250 ಕಿಲೋಮೀಟರ್‌ಗೂ ಜಾಸ್ತಿ ದೂರ ಒಂದು ಪೆಟ್ರೋಲ್ ಬಂಕ್ ಇಲ್ಲ.

ಇನ್ನು ಮೆಥೊ, ಅಂದರೆ ಒಲೆಗೆ ಸುರಿದು ಉರಿಸುವ ಸ್ಪಿರಿಟ್. ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ, ಇಬ್ಬರ ಚಹಾಕ್ಕೆ ಸಾಕು. ಆದರೆ ಬಿಸಿಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿದೆ ಅಂದುಕೊಂಡು ಮೇಲಿಂದ ಸುರಿದರೆ ಕೈ ಸುಡುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ತುಂಬಿ.

3. ಈಗ ಒಲೆ. ಎರಡು ಬರ್ನರ್, ಮೂರು ಕಡೆ ಗಾಳಿತಡೆ ಇರಲಿ. ಮನೆಯ ಕುಕ್ಕರನ್ನು ಅಂಗಡಿಗೇ ಒಯ್ದು ಮೇಲಿಟ್ಟು ನೋಡಿ. ಅಂಗಡಿಯವರು ನಗಲಿ ಬಿಡಿ. ಡಬ್ಬಿಯ ತಲೆಗೇ ತಿರುಪುವ ಪುಟ್ಟ ಒಲೆ ಬೆನ್ನಿಗೆ ಚೀಲ ಹಾಕಿ ನಡೆಯುವವರಿಗೆ. ಅದರ ಮೇಲೆ ಐದು ಲೀಟರ್ ಕುಕ್ಕರ್ ಇಟ್ಟರೆ ಸಾರು ಕೆಂಪು ಮಣ್ಣಿನ ಪಾಲು.

4. ಮನೆಯ ಹಿತ್ತಲಲ್ಲಿ ಒಮ್ಮೆ ಹಚ್ಚಿ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

5. ನಿಯಮ. ಕಾಳ್ಗಿಚ್ಚಿನ ಭಯಕ್ಕೆ ಸರ್ಕಾರ ಬೆಂಕಿ ನಿಷೇಧಿಸುವ ದಿನ ಕಟ್ಟಿಗೆ, ಮೆಥೊ ಎರಡೂ ನಡೆಯುವುದಿಲ್ಲ. ಗ್ಯಾಸ್ ಒಲೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಷರತ್ತು, ಆಯಾ ರಾಜ್ಯದ ಅಗ್ನಿಶಾಮಕ ಇಲಾಖೆಯ ಸೂಚನೆ ಅವತ್ತೇ ನೋಡಿ. ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನದಲ್ಲಿ ಹೋಗುವವರು ಗ್ಯಾಸ್ ಅಲ್ಲೇ ಕೊಳ್ಳಬೇಕು, ಲಗೇಜ್‌ನಲ್ಲೂ ಬಿಡುವುದಿಲ್ಲ. ಚಳಿ ಅಂತ ಟೆಂಟ್ ಒಳಗೆ ಒಲೆ ಹಚ್ಚಬೇಡಿ. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಸಿಲಿಂಡರನ್ನು ಕಾರಿನಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟಿ. ಒಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ, ಇಲ್ಲದಿದ್ದರೆ ಕೆಂಪು ಧೂಳು ಬರ್ನರ್ ತೂತುಗಳಲ್ಲಿ ಕೂತುಬಿಡುತ್ತದೆ. ಒಲೆಯ ಚಟ್ ಅನ್ನುವ ಲೈಟರನ್ನು ನಂಬಬೇಡಿ. ಬೆಂಕಿಪೊಟ್ಟಣ ಎರಡಿರಲಿ, ಒಂದು ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ.