ಐಸಿಯುನಲ್ಲಿ ಕಿಡ್ನಿ ಕೈಕೊಟ್ಟವರ ಊಟದ ಲೆಕ್ಕ: ನನ್ನ ಅನುಭವ

ಮಳೆಗಾಲ ಶುರುವಾಯಿತೆಂದರೆ ನಮ್ಮ ಕರಾವಳಿಯ ಐಸಿಯುಗಳಿಗೆ ಇಲಿಜ್ವರದವರು ಬರತೊಡಗುತ್ತಾರೆ. ಗದ್ದೆ, ತೋಟದ ನೀರಲ್ಲಿ ಬರಿಗಾಲಲ್ಲಿ ದುಡಿಯುವವರೇ ಹೆಚ್ಚು. ಮೊದಲು ಜ್ವರ, ಮೈಕೈ ನೋವು. ಆಮೇಲೆ ಕಣ್ಣು ಹಳದಿ. ಕೆಲವರಿಗೆ ಮೂತ್ರವೇ ನಿಂತುಹೋಗುತ್ತದೆ. ನಾನು ಐಸಿಯುನಲ್ಲಿ ಡಯಟಿಷಿಯನ್. ಮೂಗಿನ ನಳಿಕೆಯಲ್ಲಿ ಏನು ಹೋಗಬೇಕು, ಎಷ್ಟು ಹೋಗಬೇಕು ಅಂತ ಬರೆಯುವುದು ನನ್ನ ಕೆಲಸ.

ಮೊದಲ ವರ್ಷಗಳಲ್ಲಿ ನಾನು ಎಲ್ಲರಿಗೂ ಒಂದೇ ಲೆಕ್ಕ ಹಾಕುತ್ತಿದ್ದೆ. ತೂಕಕ್ಕೆ 25 ಗುಣಿಸು, ಕ್ಯಾಲೊರಿ ಬಂತು. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಜಾಸ್ತಿ ಇದ್ದರೆ ಪ್ರೊಟೀನ್ ಕಡಿಮೆ ಮಾಡು. ಇದೆಷ್ಟು ತಪ್ಪು ಅಂತ ಗೊತ್ತಾಗಿದ್ದು ಒಬ್ಬ ಅಡಿಕೆ ತೋಟದ ಕೆಲಸಗಾರರಿಂದ.

ಅವರು ವೆಂಟಿಲೇಟರ್ ಮೇಲಿದ್ದರು. ಎರಡು ದಿನಕ್ಕೊಮ್ಮೆ ಡಯಾಲಿಸಿಸ್. ರೋಗಿಯ ತೂಕ ನೋಡುವ ಮಂಚ 76 ಕಿಲೋ ತೋರಿಸಿತು. ನಾನು 1900 ಕ್ಯಾಲೊರಿ ಬರೆದೆ. ಐದನೇ ದಿನದ ಹೊತ್ತಿಗೆ ಇನ್ಸುಲಿನ್ ಏರಿಸುತ್ತಲೇ ಇದ್ದರೂ ಸಕ್ಕರೆ ಇಳಿಯಲಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರಿತ್ತು. ವೆಂಟಿಲೇಟರ್ ಕಡಿಮೆ ಮಾಡಲು ಹೋದರೆ ಉಸಿರು ವೇಗವಾಗುತ್ತಿತ್ತು.

ಆವತ್ತು ಅವರ ಕಾಲಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಮಂಚ ತೂಗಿದ್ದರಲ್ಲಿ ಎಷ್ಟೋ ಪಾಲು ಬರೀ ನೀರು. ಹೊರಗೆ ಹೋಗಿ ಅವರ ಹೆಂಡತಿಯನ್ನು ಕೇಳಿದೆ, ಮೊದಲು ಎಷ್ಟು ತೂಕ ಇದ್ದರು ಅಂತ. "ಹೋದ ತಿಂಗಳು ಅಡಿಕೆ ತೂಗುವ ತಕ್ಕಡಿ ಮೇಲೆ ನಿಂತಿದ್ರು ಮೇಡಂ, 61 ಉಂಟು ಅಂತ ಹೇಳ್ತಿದ್ರು" ಅಂದರು. 61ಕ್ಕೆ 25 ಗುಣಿಸಿದರೆ 1525. ಅಲ್ಲಿಗೇ 375 ಕ್ಯಾಲೊರಿ ಹೆಚ್ಚಾಯಿತು.

ಆಮೇಲೆ ಸಿಸ್ಟರ್ ಬರೆಯುವ ಚಾರ್ಟ್ ಹಿಡಿದು ಕೂತೆ. ನಿದ್ದೆಗೆ ಪ್ರೊಪೊಫಾಲ್ ಗಂಟೆಗೆ 10 ಮಿಲಿ ಹೋಗುತ್ತಿತ್ತು. ಅದು ಎಣ್ಣೆಯಲ್ಲಿ ಬೆರೆಸಿದ ಔಷಧಿ, ಒಂದು ಮಿಲಿಗೆ 1.1 ಕ್ಯಾಲೊರಿ. ದಿನಕ್ಕೆ 264 ಆಯಿತು. ಮೊದಲ ದಿನ ಸಕ್ಕರೆ ಇಳಿದಿತ್ತು ಅಂತ ಶುರು ಮಾಡಿದ ಸಕ್ಕರೆ ನೀರಿನ ಡ್ರಿಪ್, 10% ಡೆಕ್ಸ್‌ಟ್ರೋಸ್ ದಿನಕ್ಕೆ ಎರಡು ಬಾಟಲಿ ಇನ್ನೂ ಹಾಗೇ ನಡೆದಿತ್ತು. ಒಟ್ಟು ಒಂದು ಲೀಟರ್, 100 ಗ್ರಾಂ ಸಕ್ಕರೆ, ಸುಮಾರು 340 ಕ್ಯಾಲೊರಿ. ನಾನು ಕೊಡುತ್ತಿದ್ದೇನೆ ಅಂದುಕೊಂಡಿದ್ದು 1900. ಅವರಿಗೆ ಹೋಗುತ್ತಿದ್ದುದು 2500. ನನಗೆ ಬಹಳ ಬೇಸರವಾಯಿತು. ಎಲ್ಲವೂ ಚಾರ್ಟ್‌ನಲ್ಲೇ ಇತ್ತು, ನಾನು ಕೂಡಿಸಿರಲಿಲ್ಲ ಅಷ್ಟೇ.

ಹಾಗಾದರೆ ಅವರ ಮೈ ನಿಜವಾಗಿ ಎಷ್ಟು ಖರ್ಚು ಮಾಡುತ್ತಿತ್ತು? ಒಳಗೆ ಹೋಗುವ ಆಮ್ಲಜನಕ, ಹೊರಬರುವ ಇಂಗಾಲದ ಡೈಆಕ್ಸೈಡ್ ಎರಡನ್ನೂ ಅಳೆಯುವ ಇಂಡೈರೆಕ್ಟ್ ಕ್ಯಾಲೊರಿಮೆಟ್ರಿ ಇದಕ್ಕೆ ಸರಿಯಾದ ದಾರಿ. ಆ ಯಂತ್ರ ದುಬಾರಿ, ನಮ್ಮಲ್ಲಿ ಇರಲಿಲ್ಲ. ಆದರೆ ನಮ್ಮ ವೆಂಟಿಲೇಟರ್ ನಿಮಿಷಕ್ಕೆ ಎಷ್ಟು ಮಿಲಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿದೆ ಅಂತ ತೋರಿಸುತ್ತಿತ್ತು. ಅದನ್ನು 8.19ರಿಂದ ಗುಣಿಸಿದರೆ ದಿನದ ಖರ್ಚು ಸುಮಾರಾಗಿ ಸಿಗುತ್ತದೆ. ಅವರದು 190 ಇತ್ತು. ಗುಣಿಸಿದರೆ 1556. ಮೈಗೆ ಸಕ್ಕರೆ ಜಾಸ್ತಿ ಹೋಗುತ್ತಿರುವಾಗ ಈ ಲೆಕ್ಕ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಅಂದರೆ ನಿಜವಾದ ಖರ್ಚು ಅದಕ್ಕಿಂತಲೂ ಕಡಿಮೆ ಇದ್ದಿರಬಹುದು.

ಅಳೆಯುವ ಹೊತ್ತೂ ಮುಖ್ಯ. ಡಯಾಲಿಸಿಸ್ ನಡೆಯುವಾಗ ಆ ದ್ರಾವಣದ ಮೂಲಕ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಬೈಕಾರ್ಬನೇಟ್ ಒಳಗೆ ಬರುತ್ತದೆ. ಆಗ ಸಿಕ್ಕ ಸಂಖ್ಯೆಯನ್ನು ನಂಬಬಾರದು. ನಾನು ಬೆಳಗ್ಗೆ, ಡಯಾಲಿಸಿಸ್ ಶುರುವಾಗುವ ಮೊದಲು, ರೋಗಿ ಶಾಂತವಾಗಿ ಮಲಗಿರುವಾಗ ಬರೆದುಕೊಳ್ಳುತ್ತೇನೆ. ಸಿಸ್ಟರ್ ಆಗಷ್ಟೇ ಕಫ ಎಳೆದಿದ್ದರೆ ಅರ್ಧ ಗಂಟೆ ಕಾಯುತ್ತೇನೆ.

ಕಿಡ್ನಿ ನಿಂತರೆ ಮೈ ಜಾಸ್ತಿ ಉರಿಯುತ್ತದೆ ಅಂತ ನಾನು ನಂಬಿದ್ದೆ. ಹಾಗಿಲ್ಲ. 1990ರಲ್ಲೇ ವಿಯೆನ್ನಾದ ವೈದ್ಯರು ಅಳೆದು ನೋಡಿದ್ದರು. ಸೆಪ್ಸಿಸ್, ಅಂದರೆ ಸೋಂಕು ಮೈಯನ್ನೆಲ್ಲ ಕೆಡಿಸಿದ ಸ್ಥಿತಿ, ಇದ್ದವರಲ್ಲಿ ಮಾತ್ರ ಖರ್ಚು ಏರಿತ್ತು. ಬರೀ ಕಿಡ್ನಿ ನಿಂತವರಲ್ಲಿ ಆರೋಗ್ಯವಂತರಷ್ಟೇ ಇತ್ತು. ಅಂದರೆ ಮೈ ಉರಿಸುವುದು ಅದರ ಹಿಂದಿರುವ ಕಾಯಿಲೆ.

ಆದರೆ ಕಿಡ್ನಿ ನಿಂತಾಗ ಸಕ್ಕರೆಯ ದಾರಿ ಕೆಡುತ್ತದೆ. ಇದನ್ನು ನಾನು ಒಂದು ರಾತ್ರಿ ಕಣ್ಣಾರೆ ನೋಡಿದೆ. ಇದು ಇನ್ನೊಬ್ಬ ರೋಗಿಯ ವಿಷಯ, ಕೊಳಕುಮಂಡಲ ಹಾವು ಕಚ್ಚಿ ಬಂದವರು. ಸ್ಕ್ಯಾನ್‌ಗೆ ಕರೆದುಕೊಂಡು ಹೋಗಲು ನಳಿಕೆಯ ಆಹಾರ ನಿಲ್ಲಿಸಿದರು, ಇನ್ಸುಲಿನ್ ನಡೆಯುತ್ತಲೇ ಇತ್ತು. ವಾಪಸ್ ಬಂದಾಗ ಸಕ್ಕರೆ 52ಕ್ಕೆ ಇಳಿದಿತ್ತು. ಇನ್ಸುಲಿನ್ ಅನ್ನು ಒಡೆದು ಹೊರಹಾಕುವ ಕೆಲಸದಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಹಸಿದಾಗ ಹೊಸದಾಗಿ ಗ್ಲೂಕೋಸ್ ತಯಾರಿಸುವುದರಲ್ಲೂ ಅದಕ್ಕೆ ಪಾಲಿದೆ. ಎರಡೂ ನಿಂತರೆ ಕೊಟ್ಟ ಇನ್ಸುಲಿನ್ ಬೇಗ ಕರಗುವುದಿಲ್ಲ, ಇಳಿದ ಸಕ್ಕರೆ ಬೇಗ ಏರುವುದಿಲ್ಲ. ಅಂದಿನಿಂದ ಫೀಡ್ ಚಾರ್ಟ್‌ನ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ: ಫೀಡ್ ನಿಲ್ಲಿಸಿದರೆ ಕೂಡಲೇ ಡಾಕ್ಟರಿಗೆ ಹೇಳಿ, ಇನ್ಸುಲಿನ್ ಬಗ್ಗೆ ಕೇಳಿ.

ತೋಟದವರ ವಿಷಯಕ್ಕೆ ಬರುತ್ತೇನೆ. ಡಾಕ್ಟರ ಹತ್ತಿರ ಲೆಕ್ಕ ತೋರಿಸಿದೆ. ಡೆಕ್ಸ್‌ಟ್ರೋಸ್ ನಿಲ್ಲಿಸಿದರು. ಪ್ರೊಪೊಫಾಲ್‌ನ 264 ಕಳೆದು ಉಳಿದದ್ದನ್ನು ಮಾತ್ರ ಆಹಾರದಲ್ಲಿ ಕೊಡಬೇಕು ಅಂತ ತೀರ್ಮಾನವಾಯಿತು. ಗಂಟೆಗೆ 50 ಮಿಲಿಯಂತೆ 23 ಗಂಟೆ, ಒಟ್ಟು 1150 ಮಿಲಿ. ಒಂದು ಮಿಲಿಗೆ ಒಂದು ಕ್ಯಾಲೊರಿ ಇರುವ ಫೀಡ್ ಅದು.

ತೊಡಕು ಬಂದದ್ದು ಪ್ರೊಟೀನ್‌ನಲ್ಲಿ. ಆ 1150 ಮಿಲಿಯಲ್ಲಿ ಇದ್ದದ್ದು 46 ಗ್ರಾಂ ಮಾತ್ರ. ನನ್ನ ಹಳೇ ಅಭ್ಯಾಸ 'ಒಳ್ಳೇದೇ ಆಯಿತು' ಅನ್ನುತ್ತಿತ್ತು. ಆದರೆ ಡಯಾಲಿಸಿಸ್ ಯೂರಿಯಾ ಒಂದನ್ನೇ ತೆಗೆಯುವುದಿಲ್ಲ. ಒಂದು ಸಲಕ್ಕೆ ಸುಮಾರು 6ರಿಂದ 8 ಗ್ರಾಂ ಅಮೈನೋ ಆಮ್ಲವೂ ಹೋಗುತ್ತದೆ. ದಿನವಿಡೀ ನಡೆಯುವ ಡಯಾಲಿಸಿಸ್ ಆದರೆ 10ರಿಂದ 15. ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್‌ನ 2021ರ ಮಾರ್ಗಸೂಚಿ, ದಿನ ಬಿಟ್ಟು ದಿನ ಡಯಾಲಿಸಿಸ್ ಆಗುವವರಿಗೆ ಕಿಲೋಗೆ 1.3ರಿಂದ 1.5 ಗ್ರಾಂ ಹೇಳುತ್ತದೆ. ಡಯಾಲಿಸಿಸ್ ಮುಂದೂಡಲಿಕ್ಕೆ ಪ್ರೊಟೀನ್ ಕತ್ತರಿಸಬೇಡಿ ಅಂತಲೂ ಹೇಳುತ್ತದೆ. ಹಾಗಂತ ಸುರಿಯುವುದೂ ಸರಿಯಲ್ಲ. ಕಿಲೋಗೆ 2.2 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕೊಡಲು ಹೊರಟ ಎಫರ್ಟ್ ಪ್ರೊಟೀನ್ ಅಧ್ಯಯನ 2023ರಲ್ಲಿ ಬಂತು. ಅದರಲ್ಲಿ ಕಿಡ್ನಿ ಕೆಟ್ಟವರಿಗೆ ಒಳ್ಳೆಯದಾಗಲಿಲ್ಲ, ತೊಂದರೆಯೇ ಜಾಸ್ತಿ ಕಂಡಿತು. ನಾನು 61ಕ್ಕೆ 1.3 ಹಿಡಿದು 79 ಗ್ರಾಂ ಇಟ್ಟುಕೊಂಡೆ. ಬಾಕಿಯನ್ನು ಹಾಲಿನಿಂದ ತೆಗೆದ ವೇ ಪ್ರೊಟೀನ್ ಪುಡಿಯಲ್ಲಿ ತುಂಬಿಸಿದೆ. ಪುಡಿ ಗಂಟುಕಟ್ಟಿ ನಳಿಕೆ ಕಟ್ಟಿಕೊಳ್ಳಬಾರದಲ್ವಾ, ಅದಕ್ಕೇ ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಸೋಸಿ, ಮೂರು ಸಲ ಹಂಚಿ ಕೊಡಿಸಿದೆ.

ಎರಡು ದಿನದಲ್ಲಿ ಇನ್ಸುಲಿನ್ ಅರ್ಧಕ್ಕೆ ಇಳಿಯಿತು. ಇದಕ್ಕೆಲ್ಲ ಊಟದ ಲೆಕ್ಕವೇ ಕಾರಣ ಅಂತ ನಾನು ಹೇಳುವುದಿಲ್ಲ. ಸೋಂಕೂ ಇಳಿಯುತ್ತಿತ್ತು. ಒಂಬತ್ತನೇ ದಿನ ಗಂಟಲ ಕೊಳವೆ ತೆಗೆದರು.

ಹೆಂಡತಿ ಎಳನೀರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅದರಲ್ಲಿ ಪೊಟ್ಯಾಶಿಯಂ ತುಂಬ, ಮೂತ್ರ ಇನ್ನೂ ಸರಿಯಾಗಿ ಬರುತ್ತಿಲ್ಲ ಅಕ್ಕ, ಈಗ ಬೇಡ ಅಂದೆ. ಕುಚ್ಚಲಕ್ಕಿ ಗಂಜಿ ತರಲು ಹೇಳಿದೆ. ಅವರು ತಂದರು. ಇವರು ನಾಲ್ಕು ಚಮಚ ಕುಡಿದು ಸಾಕು ಅಂತ ಮುಖ ತಿರುಗಿಸಿದರು. ಆ ದಿನ ಬಾಯಲ್ಲಿ ಹೋದದ್ದು 300 ಕ್ಯಾಲೊರಿಯೂ ಇರಲಿಲ್ಲ. ಎಲ್ಲರೂ ಖುಷಿಯಲ್ಲಿ ಮೂಗಿನ ನಳಿಕೆಯನ್ನೂ ತೆಗೆದುಬಿಡುವ ಹೊತ್ತು ಅದು. ಬೇಡ, ಇನ್ನೂ ಇರಲಿ ಅಂತ ಕೇಳಿಕೊಂಡೆ. ಹಗಲು ಬಾಯಲ್ಲಿ ಎಷ್ಟು ಸೇರುತ್ತದೋ ಅಷ್ಟು, ರಾತ್ರಿ ಎಂಟರಿಂದ ಬೆಳಗ್ಗೆ ಆರರವರೆಗೆ ನಳಿಕೆಯಲ್ಲಿ. ಹೀಗೆ ಶುರು ಮಾಡಿದ ನಾಲ್ಕನೇ ದಿನ ಅವರು ಒಂದು ಬಟ್ಟಲು ಗಂಜಿ, ಎರಡು ಮೊಟ್ಟೆಯ ಬಿಳಿ ತಿಂದು, ಇನ್ನೂ ಸ್ವಲ್ಪ ಗಂಜಿ ಕೇಳಿದರು. ಆವತ್ತು ನಳಿಕೆ ತೆಗೆದೆವು.